ಡಮಾಮಿ ಬೇಕು, ಬಾರಿಸುವವರು ಬೇಡವೇ?

ನಮ್ಮ ನಾಡಿನ ಉತ್ಸವಗಳಿಗೆ ಈಗ ಹಲವು ವರ್ಷಗಳಿಂದ ಒಂದು ವಿಶೇಷ ಆಕರ್ಷಣೆ ಸೇರಿಕೊಂಡಿದೆ. ಜಿಲ್ಲಾ ಉತ್ಸವವಿರಲಿ, ದಸರೆಯ ಮೆರವಣಿಗೆಯಿರಲಿ, ಕಾಲೇಜಿನ ವಾರ್ಷಿಕೋತ್ಸವವಿರಲಿ, ನಮ್ಮದೇ ಧರ್ಮಕೇಂದ್ರಗಳ ಸಾಂಸ್ಕೃತಿಕ ಸಂಜೆಯಿರಲಿ, ಕಾರ್ಯಕ್ರಮ ಪಟ್ಟಿಯಲ್ಲಿ ‘ಸಿದ್ದಿ ಜನಾಂಗದವರಿಂದ ಆಫ್ರಿಕನ್ ನೃತ್ಯ’ ಎಂಬ ಸಾಲು ಕಾಣಸಿಗುತ್ತದೆ. ಡಮಾಮಿಯ ಗಂಭೀರವಾದ ನಾದ ಹೊಮ್ಮುತ್ತಿದ್ದಂತೆ ಸಭೆ ಸ್ತಬ್ಧವಾಗುತ್ತದೆ, ಬಳಿಕ ಚಪ್ಪಾಳೆಯಲ್ಲಿ ಮುಳುಗುತ್ತದೆ. ಮೊಬೈಲುಗಳು ಮೇಲೇಳುತ್ತವೆ. ಕುಣಿದವರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಮಕ್ಕಳು ಮುಗಿಬೀಳುತ್ತಾರೆ. ಮರುದಿನ ಪತ್ರಿಕೆಯಲ್ಲಿ ಒಂದು ಬಣ್ಣದ ಚಿತ್ರ ಬರುತ್ತದೆ. ಅಲ್ಲಿಗೆ ಆ ವರ್ಷದ ಮಟ್ಟಿಗೆ ಸಿದ್ದಿಗಳ ಬಗೆಗಿನ ನಮ್ಮ ಆಸಕ್ತಿ ಮುಗಿಯುತ್ತದೆ.

ಇಂತಹ ಉತ್ಸವಗಳ ವಿರುದ್ಧ ನಾನು ಬರೆಯುತ್ತಿಲ್ಲ. ತಲೆಮಾರುಗಳ ಕಾಲ ಕಾಡಿನ ಮರೆಯಲ್ಲಿ ಬದುಕಿದ ಒಂದು ಸಮುದಾಯ ತನ್ನ ಡೋಲನ್ನು ಹೊತ್ತು ವೇದಿಕೆಗೆ ಬಂದು, ತಲೆಯೆತ್ತಿ ಬಾರಿಸುವುದು ಸಂತೋಷದ ಸಂಗತಿ. ಆ ವೇದಿಕೆಯಿಂದ ಅವರಿಗೆ ಆತ್ಮವಿಶ್ವಾಸ ದೊರೆತಿದೆ, ಒಂದಿಷ್ಟು ಸಂಪಾದನೆಯೂ ಆಗಿದೆ. ನನ್ನ ವಾದ ಇರುವುದು ಪ್ರೇಕ್ಷಕರ ಸಾಲಿನಲ್ಲಿ ಕುಳಿತ ನಮ್ಮ, ನಿಮ್ಮ ಬಗ್ಗೆ. ಡಮಾಮಿಯನ್ನು ಇಷ್ಟೊಂದು ಮೆಚ್ಚುವ ನಾವು, ಅದನ್ನು ಬಾರಿಸುವ ಕೈಗಳನ್ನು ಹಿಡಿಯಲು ಏಕೆ ಹಿಂಜರಿಯುತ್ತೇವೆ? ಈ ಪ್ರಶ್ನೆಗೆ ಕ್ರೈಸ್ತ ಕುಟುಂಬಗಳು ಉತ್ತರ ಕೊಡಲೇಬೇಕು. ಏಕೆಂದರೆ ಆ ಕೈಗಳಲ್ಲಿ ಎಷ್ಟೋ ಕೈಗಳು ಭಾನುವಾರ ನಮ್ಮಂತೆಯೇ ಶಿಲುಬೆಯ ಗುರುತು ಹಾಕುವ ಕೈಗಳು.

ಇವರು ಯಾರು?

ಸಿದ್ದಿಗಳು ಪ್ರವಾಸಿಗರಲ್ಲ, ವಿದೇಶೀಯರೂ ಅಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೊಯಿಡಾ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿಯೂ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿಯೂ ಅವರು ನೆಲೆಸಿದ್ದಾರೆ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡದಲ್ಲಿ ಅವರ ಸಂಖ್ಯೆ ಸುಮಾರು 10,000. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕಥೋಲಿಕ ಕ್ರೈಸ್ತರಿದ್ದಾರೆ. ಮನೆಯೊಳಗೆ ಬಹುಮಂದಿ ತಮ್ಮದೇ ಬಗೆಯ ಕೊಂಕಣಿಯನ್ನಾಡುತ್ತಾರೆ. ಹೊರಗೆ ನಮ್ಮ ನಿಮ್ಮಂತೆ ಕನ್ನಡವನ್ನಾಡುತ್ತಾರೆ.

ಅವರ ಪೂರ್ವಜರು ಆಫ್ರಿಕದ ಪೂರ್ವ ಭಾಗದಿಂದ ಬಂದವರು. ಹೀಗೆ ಬಂದ ಎಲ್ಲರೂ ಗುಲಾಮರಾಗಿಯೇ ಉಳಿಯಲಿಲ್ಲ ಎಂಬುದನ್ನು ಇತಿಹಾಸ ಬಲ್ಲವರು ಮರೆಯಲಾರರು. ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತ ಸೂತ್ರ ಹಿಡಿದು ಮೊಗಲರ ದಂಡನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. 1626ರಲ್ಲಿ ಅವನು ತೀರಿಕೊಂಡಾಗ ದಖ್ಖನಿನ ಇತಿಹಾಸದ ಗತಿಯೇ ಬದಲಾಯಿತು. ನಮ್ಮ ವಿಜಾಪುರದ ಆದಿಲ್ ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನನೆಂಬ ಹಬ್ಶಿ ಮಂತ್ರಿಯ ಮಾತಿಗೆ ಎದುರಿರಲಿಲ್ಲ. ಆದರೆ ಉತ್ತರ ಕನ್ನಡದ ಸಿದ್ದಿಗಳ ಕಥೆ ಬೇರೆ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಮಾರಿದರು. ಅವರಲ್ಲಿ ಅನೇಕರು ಬಂಧನದಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಪೋರ್ಚುಗಲ್ ತನ್ನ ಅಧೀನ ಪ್ರದೇಶಗಳಲ್ಲೆಲ್ಲ ಗುಲಾಮಗಿರಿಯನ್ನು ರದ್ದುಪಡಿಸುವ ಆದೇಶ ಹೊರಡಿಸಿದ್ದು 1869ರಲ್ಲಿ. ಅಷ್ಟು ಹೊತ್ತಿಗೆ ಮುನ್ನೂರೈವತ್ತು ವರ್ಷಗಳು ಕಳೆದಿದ್ದವು.

ಅವರನ್ನು ಮಾರಿದವರು, ಕೊಂಡವರು ಯಾರೆಂದು ನಾವು ಕೇಳಿಕೊಳ್ಳಬೇಕು. ಕೊಂಡವರಲ್ಲಿ ಬಹುಮಂದಿ ಕ್ರೈಸ್ತರು. 1452 ಮತ್ತು 1455ರಲ್ಲಿ ಜಗದ್ಗುರು ಐದನೆಯ ನಿಕೊಲಸರು ಹೊರಡಿಸಿದ ಆಜ್ಞಾಪತ್ರಗಳು ಅಕ್ರೈಸ್ತರನ್ನು ಸೆರೆಹಿಡಿದು ದಾಸ್ಯಕ್ಕೊಳಪಡಿಸಲು ಪೋರ್ಚುಗಲ್ಲಿನ ಅರಸನಿಗೆ ಅನುಮತಿ ನೀಡಿದ್ದವು. ಹದಿನೈದನೆಯ ಶತಮಾನದ ಮಾತೆಂದು ಇದನ್ನು ತಳ್ಳಿಹಾಕುವ ಹಾಗಿಲ್ಲ. ಧರ್ಮಸಭೆಯೇ ತಳ್ಳಿಹಾಕಿಲ್ಲ. 1839ರಲ್ಲಿ ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. 1992ರಲ್ಲಿ ಎರಡನೆಯ ಜಾನ್ ಪೌಲರು ಸೆನೆಗಲ್ ದೇಶದ ಗೊರೆ ದ್ವೀಪಕ್ಕೆ, ಗುಲಾಮರನ್ನು ಕೂಡಿಹಾಕುತ್ತಿದ್ದ ತಾಣಕ್ಕೆ ಹೋಗಿ, ಕ್ರೈಸ್ತರೆನಿಸಿಕೊಂಡವರು ಮಾಡಿದ ಪಾಪಕ್ಕಾಗಿ ಕ್ಷಮೆ ಬೇಡಿದರು. 2023ರ ಮಾರ್ಚ್ ತಿಂಗಳಲ್ಲಿ ವ್ಯಾಟಿಕನ್, ಆ ಹಳೆಯ ಆಜ್ಞಾಪತ್ರಗಳ ಆಧಾರದ ಮೇಲೆ ಕಟ್ಟಿದ ‘ಶೋಧನೆಯ ಸಿದ್ಧಾಂತ’ವನ್ನು ಸ್ಪಷ್ಟವಾಗಿ ನಿರಾಕರಿಸಿತು. ಜಗದ್ಗುರುಗಳೇ ಕ್ಷಮೆ ಕೇಳಿದ ವಿಷಯದಲ್ಲಿ ನಮ್ಮ ಧರ್ಮಕೇಂದ್ರಗಳು ಏನೂ ಆಗಿಲ್ಲವೆಂಬಂತೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದೇ?

ಡೋಲಿನ ಭಾಷೆ

ಮರದ ದಿಮ್ಮಿಯನ್ನು ಕೊರೆದು, ಎರಡೂ ಬದಿಗೆ ಚರ್ಮ ಬಿಗಿದು ಮಾಡುವ ವಾದ್ಯ ಡಮಾಮಿ. ಅದರ ಸುತ್ತ ಹೆಣೆದುಕೊಂಡ ಹಾಡು ಕುಣಿತಗಳಿಗೂ ಅದೇ ಹೆಸರು. ಗಂಡಸರು ಹೆಂಗಸರೆನ್ನದೆ, ಹಿಂದೂ ಮುಸಲ್ಮಾನ ಕ್ರೈಸ್ತರೆನ್ನದೆ, ಸಿದ್ದಿಗಳೆಲ್ಲ ಕೂಡುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು. ಗುಜರಾತಿನ ಭರೂಚ್ ಜಿಲ್ಲೆಯ ರತನಪುರದಲ್ಲಿ ಬಾವಾ ಗೋರ್ ದರ್ಗಾದ ಆಶ್ರಯದಲ್ಲಿ ಬೆಳೆದ ಅಲ್ಲಿನ ಸಿದಿಗಳು ತಮ್ಮ ಕುಣಿತವನ್ನು ‘ಗೋಮಾ’ ಎನ್ನುತ್ತಾರೆ. ಪೂರ್ವ ಆಫ್ರಿಕದ ‘ಎನ್ಗೋಮ’ ಎಂಬ ಮಾತು ಸಮುದ್ರ ದಾಟಿ ಹೀಗಾಗಿದೆ. ಆ ಒಂದೇ ಮಾತಿಗೆ ಡೋಲು, ಕುಣಿತ, ಜನ ಸೇರುವ ಸಂಭ್ರಮ ಎಂಬ ಮೂರೂ ಅರ್ಥಗಳುಂಟು. ಡೋಲನ್ನು ಜನರಿಂದ ಬೇರ್ಪಡಿಸಿ ನೋಡುವ ಅಭ್ಯಾಸ ಆ ಭಾಷೆಗೇ ಇಲ್ಲ. ಅದು ನಮಗಿದೆ.

ಗುಲಾಮರ ಒಡೆಯರಿಗೆ ಡೋಲಿನ ಈ ಶಕ್ತಿ ಚೆನ್ನಾಗಿ ತಿಳಿದಿತ್ತು. ಅಮೆರಿಕದ ದಕ್ಷಿಣ ಕೆರೊಲಿನದಲ್ಲಿ 1739ರಲ್ಲಿ ಗುಲಾಮರು ಸ್ಟೊನೊ ನದಿಯ ಬಳಿ ದಂಗೆಯೆದ್ದು ಡೋಲು ಬಾರಿಸುತ್ತಾ ಮುನ್ನಡೆದಾಗ, ಮರುವರ್ಷವೇ, ಅಂದರೆ 1740ರಲ್ಲಿ, ಗುಲಾಮರು ಡೋಲು, ಕಹಳೆಗಳನ್ನು ಬಳಸಕೂಡದೆಂದು ಶಾಸನವಾಯಿತು. ನಮ್ಮ ನೆರೆಯ ಗೋವೆಯಲ್ಲಿಯೂ 1736ರಲ್ಲಿ ಧರ್ಮವಿಚಾರಣೆಯ ಅಧಿಕಾರಿಗಳು ಹೊರಡಿಸಿದ ಕಟ್ಟಾಜ್ಞೆ, ಕ್ರೈಸ್ತರ ಮದುವೆಮನೆಗಳಲ್ಲಿ ನಾಡಿನ ಹಳೆಯ ಹಾಡು, ಆಚಾರಗಳಿಗೆ ಕಡಿವಾಣ ಹಾಕಿತು. ಆದರೂ ಮಣ್ಣಿನ ಗುಮಟೆ ಸಾಯಲಿಲ್ಲ. 2019ರಲ್ಲಿ ಗೋವಾ ಸರ್ಕಾರ ಅದನ್ನೇ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ನಿಷೇಧಿಸಿದರೂ ಉಳಿದುಕೊಳ್ಳುವ ಗುಣ ಚರ್ಮವಾದ್ಯಗಳಿಗೆ ಇದೆ. ಆದರೆ ಮನರಂಜನೆಯ ಸರಕಾಗಿ ಮಾಡಿದರೆ ಅವು ಉಳಿಯುತ್ತವೆಯೇ? ನನ್ನ ಆತಂಕ ಇಲ್ಲಿದೆ.

ಕೀರ್ತನೆಗಳ ಗ್ರಂಥದಲ್ಲಿ 137ನೆಯ ಕೀರ್ತನೆಯನ್ನು ಇನ್ನೊಮ್ಮೆ ಓದಿರಿ. ಬಾಬಿಲೋನಿಗೆ ಸೆರೆಯಾಗಿ ಹೋದ ಇಸ್ರಯೇಲರನ್ನು ಸೆರೆಹಿಡಿದವರೇ ಹಾಡಿರೆಂದು ಕೇಳುತ್ತಾರೆ. ಅವರಿಗೆ ಸಿಯೋನಿನ ಹಾಡು ಬೇಕು, ಹಾಡುವವರ ಬಿಡುಗಡೆ ಬೇಕಿಲ್ಲ. ಸೆರೆಯಾಳುಗಳು ತಮ್ಮ ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿ ಅಳುತ್ತಾ ಕೂರುತ್ತಾರೆ. ಈ ಕೀರ್ತನೆಯನ್ನು ಪಠಿಸುವಾಗಲೆಲ್ಲ ನಾವು ನಮ್ಮನ್ನು ಇಸ್ರಯೇಲರ ಸ್ಥಾನದಲ್ಲಿ ಇರಿಸಿಕೊಳ್ಳುತ್ತೇವೆ. ‘ಒಂದು ಐಟಂ ಮಾಡಿಸಿ, ಹತ್ತು ನಿಮಿಷ ಸಾಕು’ ಎಂದು ಸಿದ್ದಿ ತಂಡವನ್ನು ಕರೆಸುವ ದಿನ ನಾವು ಯಾರ ಸ್ಥಾನದಲ್ಲಿದ್ದೇವೆ?

ಎಲೆಯ ವೇಷ ಯಾರದು?

ವೇದಿಕೆಯ ಮೇಲೆ ಸಿದ್ದಿ ಕಲಾವಿದರನ್ನು ಎಲೆ, ಸೊಪ್ಪು, ಪುಕ್ಕಗಳ ವೇಷದಲ್ಲಿ, ಮೈಮೇಲೆ ಬಿಳಿಯ ಬಣ್ಣದ ಗೆರೆಗಳೊಡನೆ ನೋಡುವುದು ನಮಗೆ ರೂಢಿಯಾಗಿದೆ. ಸಿದ್ದಿಗಳ ಕೇರಿಗೆ ಹೋಗಿ ನೋಡಿರಿ. ಅಲ್ಲಿನ ತಾಯಂದಿರು ಸುತ್ತಲಿನ ರೈತ ಹೆಂಗಸರಂತೆಯೇ ಸೀರೆಯುಟ್ಟಿರುತ್ತಾರೆ, ಅದೇ ಸೀರೆಯಲ್ಲಿ ಡಮಾಮಿಗೆ ಹೆಜ್ಜೆ ಹಾಕುತ್ತಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಅವರು ಹೊಲಿಯುವ ಕೌದಿಗಳ ಸೊಬಗನ್ನು ಇಂದು ಹೊರದೇಶಗಳ ಕಲಾಪ್ರಿಯರೂ ಕೊಂಡಾಡುತ್ತಿದ್ದಾರೆ. ಕ್ರೈಸ್ತ ಸಿದ್ದಿ ಮಹಿಳೆಯರ ಕೌದಿಗಳಲ್ಲಿ ಎಷ್ಟೋ ಸಲ ಶಿಲುಬೆಯ ಆಕಾರ ಮೂಡಿರುತ್ತದೆ. ನಾಲ್ಕು ಮೂಲೆಗಳಿಗೆ ‘ಫೂಲ’, ಅಂದರೆ ಹೂವೆಂದು ಕರೆಯುವ ಮಡಿಕೆಗಳನ್ನು ಕೂಡಿಸದೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಬಟ್ಟೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಅಭಿರುಚಿಯುಳ್ಳ ಜನರನ್ನು ಸೊಪ್ಪು ಸುತ್ತಿಕೊಂಡು ಬರುವಂತೆ ಮಾಡಿದ್ದು ಯಾರ ಅಭಿರುಚಿ? ಪ್ರೇಕ್ಷಕರ ಮನಸ್ಸಿನಲ್ಲಿ ‘ಆಫ್ರಿಕ’ ಎಂದರೆ ಕಾಡು, ಕಾಡೆಂದರೆ ಸೊಪ್ಪು ಎಂಬ ಸಿನಿಮಾದ ಚಿತ್ರ ಅಚ್ಚೊತ್ತಿದೆ. ಆ ಚಿತ್ರವನ್ನು ತೃಪ್ತಿಪಡಿಸಿದ ತಂಡಕ್ಕೆ ಮರುವರ್ಷ ಕರೆ ಬರುತ್ತದೆ. ವೇಷ ತೊಡುವವರನ್ನು ನಾನು ದೂರಲಾರೆ. ತಮ್ಮ ಕಲೆಯ ಪ್ರದರ್ಶನಕ್ಕೆ ಯಾವ ಉಡುಪೆಂದು ಅವರೇ ತೀರ್ಮಾನಿಸಿಕೊಂಡರೆ ಅದು ಅವರ ಹಕ್ಕು. ಇಂಥದ್ದೇ ಬೇಕೆಂದು ನಾವು ಕೇಳಿ ತೊಡಿಸುವುದು ಅವರ ಪರಂಪರೆಗೆ ನಾವು ಮಾಡುವ ಅವಮಾನ.

ದೇಹ ಬೇಕು, ಮನುಷ್ಯ ಬೇಡ ಎಂಬ ಈ ಧೋರಣೆ ವೇದಿಕೆಗೆ ಸೀಮಿತವಾದದ್ದಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ಕೊಡುವ ಯೋಜನೆ ಆರಂಭಿಸಿತು. ಆಫ್ರಿಕದ ರಕ್ತವುಳ್ಳವರು ದೇಶಕ್ಕೆ ಪದಕ ತರುತ್ತಾರೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಮಕ್ಕಳು ಓಡಿದರು, ಗೆದ್ದರು ಕೂಡ. ಆದರೆ 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ಕನಸು ಹೊತ್ತು ಕಾಡಿನಿಂದ ಬಂದಿದ್ದ ಮಕ್ಕಳಲ್ಲಿ ಅನೇಕರು ಮತ್ತೆ ಕೂಲಿಗೆ ಮರಳಿದರು. ಮುಂದೆ ಬಹಳ ವರ್ಷಗಳ ಬಳಿಕ ಪ್ರಯತ್ನ ಪುನಃ ಆರಂಭವಾಯಿತೆಂಬುದು ನಿಜ. ಆದರೆ ನಡುವೆ ಕಳೆದುಹೋದ ಒಂದು ತಲೆಮಾರಿಗೆ ಯಾರೂ ಉತ್ತರ ಕೊಡಲಿಲ್ಲ. ಕಾಲು ಬೇಕೆಂದಾಗ ಓಡಿಸಿದೆವು, ಕೈ ಬೇಕೆಂದಾಗ ಬಾರಿಸಿದೆವು.

ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಇವೆಯೆಂಬುದನ್ನು ಮರೆಯದಿರೋಣ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂಚಿಕೇರಿಯ ಸಿದ್ದಿಗಳೊಡನೆ ರಂಗಶಿಬಿರ ನಡೆಸಿ, ನೈಜೀರಿಯದ ಚಿನುವ ಅಚಿಬೆಯವರ ಕಾದಂಬರಿಯೊಂದನ್ನು ಕನ್ನಡ ನಾಟಕವಾಗಿಸಿ ಅವರಿಂದಲೇ ಆಡಿಸಿತು. ಅಲ್ಲಿ ಅವರಿಗೆ ಕುಣಿತದೊಂದಿಗೆ ಮಾತನ್ನೂ ಕೊಡಲಾಯಿತು. ಮುಂದೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿಯವರಂತಹ ಕಲಾವಿದರು ರಂಗಭೂಮಿಗೂ ಚಲನಚಿತ್ರಕ್ಕೂ ಬಂದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆಗೆ ಕಾಲಿಟ್ಟ ಮೊದಲ ಸಿದ್ದಿಯಾದರು. ಅವಕಾಶ ದೊರೆತಲ್ಲಿ ಸಿದ್ದಿಗಳು ಏನಾಗಬಲ್ಲರು ಎಂಬುದು ಸಿದ್ಧವಾಗಿದೆ. ಅವಕಾಶದ ಬಾಗಿಲನ್ನು ನಾವೆಷ್ಟು ತೆರೆದಿದ್ದೇವೆ ಎಂಬುದಷ್ಟೇ ಉಳಿದ ಪ್ರಶ್ನೆ.

ಆಕ್ಷೇಪಣೆಗಳಿಗೆ ಉತ್ತರ

‘ನಮ್ಮ ಧರ್ಮಕೇಂದ್ರದಲ್ಲಿ ಸಿದ್ದಿಗಳೇ ಇಲ್ಲ, ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಕೆಲವರು ಹೇಳಬಹುದು. ಸಂಬಂಧವಿದೆ. ಕಪ್ಪು ಬಣ್ಣವನ್ನು ಕೀಳೆಂದು ಕಾಣುವ ರೋಗ ಇಡೀ ನಾಡಿನದು. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದವನೊಬ್ಬನ ಕಾರಿಗೆ ಸಿಲುಕಿ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಜನರ ಗುಂಪು ಹಲ್ಲೆ ನಡೆಸಿತು, ಅವಳಿದ್ದ ಕಾರಿಗೆ ಬೆಂಕಿಯಿಟ್ಟಿತು. ಚರ್ಮದ ಬಣ್ಣವೊಂದೇ ಅವಳ ಅಪರಾಧ. ಆಫ್ರಿಕದ ಡೋಲಿಗೆ ತಲೆದೂಗುವ ಮಹಾನಗರವೇ ಆಫ್ರಿಕದ ಹುಡುಗಿಯನ್ನು ಹೊಡೆಯಿತು. ನಮ್ಮ ಮನೆಗಳಲ್ಲಿ ಹೆಣ್ಣು ನೋಡುವಾಗ ‘ಬಣ್ಣ ಸ್ವಲ್ಪ ಕಡಿಮೆ’ ಎನ್ನುವ ಮಾತಿಗೂ, ಶಾಲೆಯ ಅಂಗಳದಲ್ಲಿ ಗುಂಗುರು ಕೂದಲಿನ ಮಗುವಿಗೆ ಇಡುವ ಅಡ್ಡಹೆಸರಿಗೂ, ಆ ರಾತ್ರಿಯ ಬೆಂಕಿಗೂ ಒಂದೇ ಬೇರು.

‘ನಾವು ಅವರಿಗಾಗಿ ಶಾಲೆ, ವಸತಿನಿಲಯಗಳನ್ನು ನಡೆಸಿದ್ದೇವಲ್ಲ’ ಎಂಬುದು ಇನ್ನೊಂದು ಮಾತು. ಹೌದು. ಗುರುಗಳೂ ಕನ್ಯಾಸ್ತ್ರೀಯರೂ ಕಾಡು ದಾರಿಯಲ್ಲಿ ನಡೆದು ಮಾಡಿದ ಸೇವೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧರ್ಮಸಂಸ್ಥೆಗಳು ಮಾಡಿದ ಸೇವೆಯ ಪುಣ್ಯವನ್ನು ನಮ್ಮ ಕುಟುಂಬಗಳ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ. ಕನ್ಯಾಸ್ತ್ರೀಯೊಬ್ಬರು ಸಿದ್ದಿ ಮಗುವಿಗೆ ಅಕ್ಷರ ಕಲಿಸಿದರು. ಆ ಮಗು ಬೆಳೆದು ದೊಡ್ಡವನಾಗಿ ಪಟ್ಟಣಕ್ಕೆ ಬಂದಾಗ ಅವನಿಗೆ ಬಾಡಿಗೆ ಮನೆ ಕೊಡಬೇಕಾದವರು ನಾವು. ಸಹಾಯ ಮಾಡುವಾಗ ಕೈ ಮೇಲಿರುತ್ತದೆ. ಮನೆಯ ಮೇಜಿಗೆ ಕರೆದು ಕೂರಿಸಿಕೊಂಡಾಗ ಮಾತ್ರ ಕೈಗಳು ಸಮನಾಗುತ್ತವೆ.

‘ಡೋಲು, ಕುಣಿತ ವಿಗ್ರಹಾರಾಧಕರ ಪದ್ಧತಿ, ದೇವಾಲಯಕ್ಕೆ ಸಲ್ಲದು’ ಎನ್ನುವ ಭಕ್ತರೂ ಇದ್ದಾರೆ. ಅವರಿಗೆ ಇತಿಹಾಸವನ್ನು ತೋರಿಸಬೇಕು. ನಾಲ್ಕನೆಯ ಶತಮಾನದಲ್ಲಿ ಅರಸ ಎಜಾನನ ಕಾಲದಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ ಇಥಿಯೋಪಿಯದ ಸಭೆ ‘ಕೆಬೆರೊ’ ಎಂಬ ದೊಡ್ಡ ಡೋಲನ್ನು ಇಂದಿಗೂ ಆರಾಧನೆಯಲ್ಲಿ ಬಾರಿಸುತ್ತದೆ, ಅದರ ಲಯಕ್ಕೆ ಗಾಯಕರು ದೇವಾಲಯದೊಳಗೇ ಹೆಜ್ಜೆ ಹಾಕುತ್ತಾರೆ. ಯೂರೋಪಿನ ಎಷ್ಟೋ ದೇಶಗಳು ಶುಭಸಂದೇಶವನ್ನು ಕೇಳುವ ಮುನ್ನವೇ ಆಫ್ರಿಕ ಅದನ್ನು ಕೇಳಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ದಸ್ತಾವೇಜು, ಜನಾಂಗಗಳ ಸಂಗೀತ ಪರಂಪರೆಗೆ ಗೌರವ ಸಲ್ಲಬೇಕೆಂದು ಬೋಧಿಸಿತು. 1988ರಲ್ಲಿ ಜಾಯಿರ್ ದೇಶದ, ಎಂದರೆ ಇಂದಿನ ಕಾಂಗೋದ, ಧರ್ಮಪ್ರಾಂತಗಳಿಗಾಗಿ ರೋಮ್ ಅನುಮೋದಿಸಿದ ಬಲಿಪೂಜೆಯ ಕ್ರಮದಲ್ಲಿ ಕುಣಿತಕ್ಕೂ ಸ್ಥಾನವಿದೆ. ಅರಸ ದಾವೀದನು ಮಂಜೂಷದ ಮುಂದೆ ಕುಣಿದಾಗ ಕಿಟಕಿಯಿಂದ ನೋಡಿ ಹೀಗಳೆದವಳು ಮೀಕಲಳು. ಪವಿತ್ರ ಗ್ರಂಥ ಮೆಚ್ಚುವುದು ಕುಣಿದವನನ್ನು, ಹೀಗಳೆದವಳನ್ನಲ್ಲ. ನಮ್ಮ ವೇದಿಕೆಗೆ ಯೋಗ್ಯವಾದ ಡಮಾಮಿ, ದೇವರ ಸನ್ನಿಧಿಗೆ ಅಯೋಗ್ಯವಾಗುವುದು ಹೇಗೆ? ಧರ್ಮಾಧ್ಯಕ್ಷರ ಅನುಮತಿ ಪಡೆದು, ಆರಾಧನೆಯ ಗಾಂಭೀರ್ಯಕ್ಕೆ ಕುಂದಿಲ್ಲದಂತೆ, ಕಾಣಿಕೆಯ ಮೆರವಣಿಗೆಯಲ್ಲಿ ಅದು ಮೊಳಗಿದರೆ ದೇವರಿಗೆ ಬೇಸರವಾಗದು.

ಏನು ಮಾಡಬಹುದು?

ದೂರುವುದಷ್ಟೇ ಸಾಲದು. ಪ್ರತಿಯೊಂದು ಧರ್ಮಕೇಂದ್ರ ಕೈಗೊಳ್ಳಬಹುದಾದ ಕೆಲವು ಕ್ರಮಗಳನ್ನು ಮುಂದಿಡುತ್ತೇನೆ.

ಮೊದಲನೆಯದು ಹೆಸರು. ಸಿದ್ದಿ ತಂಡ ವೇದಿಕೆಗೆ ಬಂದಾಗ ಪ್ರತಿಯೊಬ್ಬರ ಹೆಸರನ್ನೂ ಊರನ್ನೂ ಹೇಳಿ ಸ್ವಾಗತಿಸಿರಿ. ಸುಡಾನಿನ ದಾರ್ಫುರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಪಹರಣಕ್ಕೊಳಗಾಗಿ ಪದೇ ಪದೇ ಮಾರಾಟವಾದ ಸಂತ ಜೋಸೆಫಿನ್ ಬಕೀತಾರವರನ್ನು ನೆನೆಯಿರಿ. ಬಕೀತಾ ಎಂಬುದು ಅವರನ್ನು ಕದ್ದವರು ಇಟ್ಟ ಹೆಸರು. ಭಯದಿಂದ ಆ ಬಾಲಕಿಗೆ ಹೆತ್ತವರಿಟ್ಟ ಹೆಸರೇ ಮರೆತುಹೋಗಿತ್ತು. 2000ದಲ್ಲಿ ಸಂತಪದವಿಗೇರಿದ ಆ ತಾಯಿಯ ಸ್ಮರಣೆಯ ದಿನ ಫೆಬ್ರವರಿ 8. ಹೆಸರು ಕಳೆದುಕೊಂಡವರ ವಂಶಜರಿಗೆ ಹೆಸರಿಡಿದು ಕರೆಯುವ ಗೌರವವನ್ನಾದರೂ ಕೊಡೋಣ.

ಎರಡನೆಯದು ಸಂಭಾವನೆ ಮತ್ತು ಊಟ. ಪಟ್ಟಣದಿಂದ ಬರುವ ವಾದ್ಯಗೋಷ್ಠಿಯವರಿಗೆ ಮುಂಗಡ ಹಣ, ಕುರ್ಚಿ, ಊಟದ ಎಲೆ ಎಲ್ಲವೂ ಸಿದ್ಧವಿರುತ್ತದೆ. ಡಮಾಮಿ ತಂಡಕ್ಕೂ ಅದೇ ಮರ್ಯಾದೆ ಸಲ್ಲಲಿ. ಹಣ ಮಧ್ಯವರ್ತಿಯ ಕೈಗೆ ಹೋಗದೆ ನೇರವಾಗಿ ಕಲಾವಿದರ ಕೈ ಸೇರಲಿ. ಊಟಕ್ಕೆ ಅವರು ನಮ್ಮ ಪಂಕ್ತಿಯಲ್ಲಿಯೇ ಕೂರಲಿ.

ಮೂರನೆಯದು ಮಾತು. ಕುಣಿತದ ಮೊದಲು ಹತ್ತು ನಿಮಿಷ ಅವರಲ್ಲೊಬ್ಬರು ಮಾತನಾಡಲಿ. ಆ ಹಾಡಿನ ಅರ್ಥವೇನು, ಅವರ ಊರಿನ ಕಷ್ಟವೇನು, ಮಕ್ಕಳ ಓದು ಎಲ್ಲಿ ನಿಂತಿದೆ ಎಂಬುದನ್ನು ಅವರ ಬಾಯಿಂದಲೇ ಕೇಳೋಣ. ಸಿದ್ದಿ ಕುಟುಂಬಗಳಿರುವ ಧರ್ಮಕೇಂದ್ರಗಳಲ್ಲಿ ಪಾಲನಾ ಸಮಿತಿಯಲ್ಲಿಯೂ, ವಾಚನಪೀಠದಲ್ಲಿಯೂ ಅವರಿಗೆ ಸ್ಥಾನವಿರಲಿ.

ನಾಲ್ಕನೆಯದು ಹಕ್ಕು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಪರಿಶಿಷ್ಟ ಪಂಗಡದ ಮಾನ್ಯತೆಗೆ ಧರ್ಮದ ಕಟ್ಟುಪಾಡಿಲ್ಲವಾದ್ದರಿಂದ ಕ್ರೈಸ್ತ ಸಿದ್ದಿಗಳಿಗೂ ಅದು ಸಲ್ಲುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮುಂಚೆ ಅರಣ್ಯಭೂಮಿಯಲ್ಲಿ ನೆಲೆಸಿ ಅದನ್ನೇ ನಂಬಿ ಬದುಕುತ್ತಿದ್ದ ಪರಿಶಿಷ್ಟ ಪಂಗಡದ ಕುಟುಂಬಗಳು ಆ ಭೂಮಿಯ ಹಕ್ಕು ಕೇಳಬಹುದು. ಇತರರು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಆದ್ದರಿಂದ ಒಂದು ಜಾತಿ ಪ್ರಮಾಣಪತ್ರದಿಂದ ಒಂದು ಕುಟುಂಬದ ನೆಲ ಉಳಿಯಬಹುದು, ಅದಿಲ್ಲದೆ ಕೈತಪ್ಪಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ವಕೀಲರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ, ಕಚೇರಿಯ ಕಾಗದಪತ್ರಗಳ ಒಳಹೊರಗನ್ನು ಬಲ್ಲವರಿದ್ದಾರೆ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಸಲ್ಲಿಸುವ ಒಂದು ಅರ್ಜಿಯನ್ನು ಸರಿಯಾಗಿ ತುಂಬಿಕೊಡುವುದು ನೂರು ಚಪ್ಪಾಳೆಗಳಿಗಿಂತ ದೊಡ್ಡ ಸೇವೆ.

ಐದನೆಯದು ಮನೆ. ಇದು ಎಲ್ಲಕ್ಕಿಂತ ಕಠಿಣ. ‘ಎಲ್ಲರೂ ದೇವರ ಮಕ್ಕಳು’ ಎಂದು ಧರ್ಮೋಪದೇಶ ತರಗತಿಯಲ್ಲಿ ಕಲಿತ ನಮ್ಮ ಮಗನೋ ಮಗಳೋ ಆ ಮಾತನ್ನು ನಂಬಿ, ನಾಳೆ ಒಬ್ಬ ಕ್ರೈಸ್ತ ಸಿದ್ದಿ ಸಂಗಾತಿಯನ್ನು ಮನೆಗೆ ಕರೆತಂದರೆ ನಮ್ಮ ಮುಖ ಏನಾಗುತ್ತದೆ? ಉತ್ತರವನ್ನು ನನಗೆ ಹೇಳುವುದು ಬೇಡ. ದೇವರ ಮುಂದೆ ಹೇಳಿಕೊಳ್ಳಿರಿ.

ಮಿರ್ಯಾಮಳ ಪಾಠ

ಈ ಕೊನೆಯ ಪ್ರಶ್ನೆ ಹೊಸದಲ್ಲ, ಪವಿತ್ರ ಗ್ರಂಥದಷ್ಟೇ ಹಳೆಯದು. ಕೆಂಪು ಸಮುದ್ರವನ್ನು ದಾಟಿದ ದಿನ ಕೈಯಲ್ಲಿ ದಮ್ಮಡಿ ಹಿಡಿದು, ಇಸ್ರಯೇಲಿನ ಹೆಂಗಸರನ್ನೆಲ್ಲ ಕೂಡಿಕೊಂಡು, ಬಿಡುಗಡೆಯ ಹಾಡು ಹಾಡುತ್ತಾ ಕುಣಿದವಳು ಮೋಶೆಯ ಅಕ್ಕ ಮಿರ್ಯಾಮಳು. ವಿಮೋಚನಕಾಂಡದ 15ನೆಯ ಅಧ್ಯಾಯದಲ್ಲಿ ಈ ಸುಂದರ ಚಿತ್ರವಿದೆ. ಅದೇ ಮಿರ್ಯಾಮಳನ್ನು ಸಂಖ್ಯಾಕಾಂಡದ 12ನೆಯ ಅಧ್ಯಾಯದಲ್ಲಿ ಮತ್ತೆ ಕಾಣುತ್ತೇವೆ. ಅಲ್ಲಿ ಅವಳು ಆರೋನನೊಡನೆ ಸೇರಿ ತಮ್ಮನ ವಿರುದ್ಧ ಗೊಣಗುತ್ತಾಳೆ. ಕಾರಣ, ಮೋಶೆ ಮದುವೆಯಾಗಿದ್ದವಳು ಕೂಷ್ ನಾಡಿನವಳು, ಈಜಿಪ್ಟಿನ ತೆಂಕಣ ಆಫ್ರಿಕದ ನಾಡಿನವಳು. ದಮ್ಮಡಿಯ ನಾದಕ್ಕೆ ಮೈಮರೆತು ಕುಣಿದವಳಿಗೆ ಕರಿಯ ನಾದಿನಿ ಮನೆಯೊಳಗೆ ಸಹ್ಯಳಾಗಲಿಲ್ಲ.

ದೇವರು ಸುಮ್ಮನಿರಲಿಲ್ಲ. ಮಿರ್ಯಾಮಳ ಚರ್ಮ ಕುಷ್ಠದಿಂದ ಹಿಮದಂತೆ ಬೆಳ್ಳಗಾಯಿತು. ಬಿಳುಪೇ ಶಿಕ್ಷೆಯಾಗಿ ಬಂದಿತು. ಮೋಶೆ ಅವಳಿಗಾಗಿ ಮೊರೆಯಿಟ್ಟ. ಆದರೂ ಏಳು ದಿನ ಅವಳು ಪಾಳೆಯದ ಹೊರಗಿರಬೇಕಾಯಿತು. ಆ ಏಳೂ ದಿನ, ವಾಗ್ದಾನದ ನಾಡಿನತ್ತ ಹೊರಟಿದ್ದ ಇಡೀ ಜನಸಮೂಹ ಒಂದು ಹೆಜ್ಜೆಯನ್ನೂ ಮುಂದಿಡದೆ ನಿಂತಲ್ಲೇ ಕಾದಿತ್ತು. ಅವಳು ವಾಸಿಯಾಗಿ ಒಳಗೆ ಬಂದ ಮೇಲೆಯೇ ಪ್ರಯಾಣ ಮುಂದುವರಿಯಿತು.

ಪ್ರಿಯ ಓದುಗರೇ, ಮುಂದಿನ ಬಾರಿ ನಿಮ್ಮ ಊರಿನ ಉತ್ಸವದಲ್ಲಿ ಡಮಾಮಿ ಮೊಳಗಿದಾಗ ಮನಸಾರೆ ಆನಂದಿಸಿರಿ, ಕಾಲು ತಾಳ ಹಾಕಿದರೆ ಹಾಕಲಿ. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದಕ್ಕೆ ಹೋಗಿ ಬಾರಿಸಿದವರ ಹೆಸರು ಕೇಳಿರಿ, ಮನೆಗೆ ಕರೆಯಿರಿ. ನಮ್ಮ ಧರ್ಮಪ್ರಾಂತಗಳ ಪಯಣವೂ ಎಲ್ಲೋ ನಿಂತುಬಿಟ್ಟಿದೆ ಎಂದು ನಮಗೆ ಆಗಾಗ ಅನ್ನಿಸುವುದುಂಟು. ಯಾರ ಮೇಲಿನ ತಾತ್ಸಾರದಿಂದಾಗಿ ನಿಂತಿದೆ ಎಂಬುದನ್ನು ಹುಡುಕಿಕೊಂಡರೆ, ಮತ್ತೆ ಹೊರಡುವ ದಾರಿಯೂ ಕಂಡೀತು.